‘ಇಲ್ಲ’ ಎಂಬ ಉತ್ತರ

ಜ್ವರ ಬಂದವನ ನಾಲಗೆಯ ಕೆಳಗೆ ಥರ್ಮಾಮೀಟರ್ ಇಟ್ಟು ನೋಡುತ್ತೇವೆ. ಎದೆನೋವೆಂದು ಬಂದವನ ಹೃದಯದ ಬಡಿತವನ್ನು ಯಂತ್ರವೊಂದು ಕಾಗದದ ಮೇಲೆ ಗೀಟೆಳೆದು ತೋರಿಸುತ್ತದೆ. ರಕ್ತ, ಕಫ, ಮೂತ್ರ ಒಂದೊಂದೂ ತನಗೆ ಗೊತ್ತಿದ್ದ ಸಾಕ್ಷಿಯನ್ನು ಹೇಳುತ್ತವೆ; ರೋಗಿ ಬಾಯಿ ಬಿಡದಿದ್ದರೂ ರೋಗ ಬಚ್ಚಿಟ್ಟುಕೊಳ್ಳಲಾರದು. ಆದರೆ ಬದುಕೇ ಬೇಡವಾಗಿ ಬಂದವನ ಎದುರಿಗೆ ಕುಳಿತ ಮನೋವೈದ್ಯನಿಗೆ ಇಂಥ ಸಾಕ್ಷಿಗಳ ಬೆಂಬಲವಿಲ್ಲ. ವೈದ್ಯ ಕೇಳಬೇಕು, ರೋಗಿ ಹೇಳಬೇಕು. “ಪ್ರಾಣ ಕಳೆದುಕೊಳ್ಳಬೇಕೆಂಬ ಯೋಚನೆ ಬರುತ್ತದೆಯೇ?” ಎಂಬ ಪ್ರಶ್ನೆಗೆ “ಇಲ್ಲ ಡಾಕ್ಟರೇ” ಎಂಬ ಉತ್ತರ ಬಂತೆನ್ನಿ. ಹೊರಗೆ ಮನೆಯವರು ಕಾಯುತ್ತಿದ್ದಾರೆ; ವಾರ್ಡಿನಲ್ಲಿ ಹಾಸಿಗೆಗಳೆಲ್ಲ ತುಂಬಿವೆ. ರೋಗಿಯನ್ನು ಮನೆಗೆ ಕಳುಹಿಸಬೇಕೇ, ಉಳಿಸಿಕೊಳ್ಳಬೇಕೇ? ಇಷ್ಟು ಚಿಕ್ಕ ಮಾತಿನ ಮೇಲೆ ಇಷ್ಟು ದೊಡ್ಡ ತೀರ್ಮಾನ ನಿಲ್ಲುವ ಸಂದರ್ಭಗಳು ವೈದ್ಯವೃತ್ತಿಯಲ್ಲಿ ಬಹಳ ಇರಲಾರವು.

ಆ ಒಂದು ಮಾತಿನ ಮೇಲೆ ಎಷ್ಟು ಭಾರ ಹೊರಿಸಬಹುದೆಂಬುದನ್ನು ತಿಳಿಯಲು ವೈದ್ಯರಿಗೆ ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಆ ಎಪ್ಪತ್ತು ವರ್ಷಗಳ ಕಥೆಯಲ್ಲಿ ಅದ್ಭುತ ಶೋಧಗಳಿಗಿಂತ ಸೋಲುಗಳೇ ಹೆಚ್ಚು. ಆದರೂ ಹೇಳತಕ್ಕ ಕಥೆ ಅದು. ಏಕೆಂದರೆ ಆ ಸೋಲುಗಳೇ ಕಡೆಗೆ ವೈದ್ಯರ ಪ್ರಶ್ನೆಯನ್ನು ಬದಲಾಯಿಸಿದವು. “ಈತ ಆತ್ಮಹತ್ಯೆ ಮಾಡಿಕೊಳ್ಳುವ ಬಗೆಯ ಮನುಷ್ಯನೇ?” ಎಂದು ಕೇಳುತ್ತಿದ್ದವರು, “ಈತ ಈ ವಾರವನ್ನು ದಾಟುವುದಕ್ಕೆ ಏನು ಮಾಡಬೇಕು?” ಎಂದು ಕೇಳಲು ಕಲಿತರು.

ಲಾಸ್ ಏಂಜಲೀಸಿನ ಕಡತಗಳು

೧೯೪೯ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಎಡ್ವಿನ್ ಶ್ನೀಡ್‌ಮನ್ ಎಂಬ ತರುಣ ಮನಶ್ಶಾಸ್ತ್ರಜ್ಞರು ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಆತ್ಮಹತ್ಯೆ ಮಾಡಿಕೊಂಡ ಇಬ್ಬರು ಸೈನಿಕರ ವಿಧವೆಯರಿಗೆ ಕಾಗದ ಬರೆಯುವ ಕೆಲಸ ಅವರ ಪಾಲಿಗೆ ಬಂತು. ಅದಕ್ಕೆ ಬೇಕಾದ ವಿವರಗಳನ್ನು ಹುಡುಕಿಕೊಂಡು ಅವರು ಅಪಮೃತ್ಯುಗಳ ವಿಚಾರಣೆ ನಡೆಸುವ ಅಧಿಕಾರಿಯ ಕಚೇರಿಗೆ ಹೋದರು. ಅಲ್ಲಿನ ಹಳೆಯ ಕಡತಗಳಲ್ಲಿ, ಸತ್ತವರು ಸಾಯುವ ಮುನ್ನ ಬರೆದಿಟ್ಟ ಚೀಟಿಗಳು ಕಂಡವು. ಒಂದಲ್ಲ ಎರಡಲ್ಲ, ನೂರಾರು.

ಬೇರೆಯವರಾಗಿದ್ದರೆ ಒಂದೆರಡನ್ನು ಓದಿ, ನಿಟ್ಟುಸಿರು ಬಿಟ್ಟು ಬರುತ್ತಿದ್ದರೇನೋ. ಶ್ನೀಡ್‌ಮನ್ ಹಾಗೆ ಮಾಡಲಿಲ್ಲ. ತಮ್ಮ ಸಹೋದ್ಯೋಗಿ ನಾರ್ಮನ್ ಫಾರ್ಬರೋ ಅವರನ್ನು ಜೊತೆಗೆ ಸೇರಿಸಿಕೊಂಡು ಅವರು ಒಂದು ಪರೀಕ್ಷೆಯನ್ನು ಯೋಜಿಸಿದರು. ನಿಜವಾದ ೩೩ ಚೀಟಿಗಳನ್ನು ಆರಿಸಿಕೊಂಡರು. ಸಾಯುವ ಯೋಚನೆಯಿಲ್ಲದ, ಆದರೆ ವಯಸ್ಸು ವೃತ್ತಿಗಳಲ್ಲಿ ಅವರನ್ನೇ ಹೋಲುವ ೩೩ ಮಂದಿಯಿಂದ ಅಂಥವೇ ಚೀಟಿಗಳನ್ನು ಬರೆಸಿದರು. ಆಮೇಲೆ ಎರಡನ್ನೂ ಹೋಲಿಸಿದರು. ಸಾವನ್ನು ಕುರಿತು ಕಲ್ಪಿಸಿಕೊಂಡು ಬರೆದವರ ಮಾತಿಗೂ ಸಾವಿನ ಅಂಚಿನಲ್ಲಿ ನಿಂತು ಬರೆದವರ ಮಾತಿಗೂ ವ್ಯತ್ಯಾಸವಿರುತ್ತದೆಯೇ ಎಂಬುದು ಅವರ ಪ್ರಶ್ನೆ. ಅಲ್ಲಿಯವರೆಗೆ ಆತ್ಮಹತ್ಯೆ ಪಾದ್ರಿಗಳಿಗೆ ಪಾಪ, ನ್ಯಾಯಾಧೀಶರಿಗೆ ಅಪರಾಧ, ತತ್ತ್ವಜ್ಞಾನಿಗಳಿಗೆ ಸಮಸ್ಯೆ. ಅದು ಸುಳುಹುಗಳನ್ನು ಬಿಟ್ಟುಹೋಗುವ, ಆದ್ದರಿಂದ ತಡೆಯಬಹುದಾದ ಘಟನೆ ಎಂಬ ಭಾವನೆ ಈ ಇಬ್ಬರ ಕೆಲಸದಿಂದ ಬಲವಾಯಿತು. ೧೯೫೭ರಲ್ಲಿ ಅವರು ಹೊರತಂದ ಪುಸ್ತಕದ ಹೆಸರಿನಲ್ಲಿಯೇ ‘ಸುಳುಹುಗಳು’ ಎಂಬ ಮಾತಿತ್ತು. ಮರುವರ್ಷ ರಾಬರ್ಟ್ ಲಿಟ್‌ಮನ್ ಎಂಬ ಮನೋವೈದ್ಯರೊಂದಿಗೆ ಸೇರಿ ಲಾಸ್ ಏಂಜಲೀಸಿನಲ್ಲಿಯೇ ಆತ್ಮಹತ್ಯೆ ನಿವಾರಣಾ ಕೇಂದ್ರವನ್ನು ತೆರೆದರು.

ಇದೇ ಕಾಲಕ್ಕೆ ಸೇಂಟ್ ಲೂಯಿಸ್ ನಗರದಲ್ಲಿ ಈಲೈ ರಾಬಿನ್ಸ್ ಮತ್ತು ಅವರ ಸಂಗಡಿಗರು ಇನ್ನೊಂದು ಕಷ್ಟದ ಕೆಲಸಕ್ಕೆ ಕೈಹಾಕಿದರು. ೧೯೫೬-೫೭ರಲ್ಲಿ ಆ ಊರಿನಲ್ಲಿ ಒಂದು ವರ್ಷದ ಅವಧಿಯೊಳಗೆ ಆತ್ಮಹತ್ಯೆಯಿಂದ ಸತ್ತ ೧೩೪ ಮಂದಿಯ ಮನೆಗಳಿಗೆ ಹೋಗಿ, ಹೆಂಡತಿ, ಗಂಡ, ಅಣ್ಣತಮ್ಮಂದಿರು, ನೆಂಟರು, ಗೆಳೆಯರನ್ನು ಕೂಡಿಸಿಕೊಂಡು ಮಾತನಾಡಿದರು. ತಿಳಿದದ್ದೇನು? ಸತ್ತವರಲ್ಲಿ ಬಹುಪಾಲು ಜನ ಮಾನಸಿಕ ಕಾಯಿಲೆಯಿಂದ, ಅದರಲ್ಲಿಯೂ ಖಿನ್ನತೆಯಿಂದ ಮತ್ತು ಕುಡಿತದಿಂದ ನರಳುತ್ತಿದ್ದವರು. ಮೂರರಲ್ಲಿ ಎರಡು ಪಾಲಿನಷ್ಟು ಜನ ಸಾಯುವ ಮಾತನ್ನು ಯಾರ ಮುಂದಾದರೂ ಆಡಿಯೇ ಇದ್ದರು. “ಹೇಳುವವನು ಮಾಡುವುದಿಲ್ಲ, ಮಾಡುವವನು ಹೇಳುವುದಿಲ್ಲ” ಎಂದು ಲೋಕದಲ್ಲೆಲ್ಲ ಹಬ್ಬಿರುವ ನಂಬಿಕೆ ಇಲ್ಲಿ ಮುರಿದುಬಿತ್ತು.

ಇದಕ್ಕೆ ಅಂಟಿಕೊಂಡೇ ಬಂದ ಇನ್ನೊಂದು ಭಯವಿದೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಯಲ್ಲಿ ಬಿತ್ತಿದಂತಾಗುವುದಿಲ್ಲವೇ ಎಂಬುದು ಅದು. ಮನೆಯವರಿಗಿರಲಿ, ವೈದ್ಯರಿಗೂ ಈ ಅಳುಕು ಇತ್ತು. ಇದಕ್ಕೆ ಸ್ಪಷ್ಟವಾದ ಉತ್ತರ ದೊರೆಯಲು ೨೦೦೫ರವರೆಗೆ ಕಾಯಬೇಕಾಯಿತು. ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳ ೨,೩೪೨ ವಿದ್ಯಾರ್ಥಿಗಳ ಮೇಲೆ ಮೆಡಲಿನ್ ಗೌಲ್ಡ್ ಮತ್ತು ಅವರ ಸಂಗಡಿಗರು ನಡೆಸಿದ ಪರೀಕ್ಷೆಯಲ್ಲಿ, ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿಸಿಕೊಂಡವರಿಗೂ ಕೇಳಿಸಿಕೊಳ್ಳದವರಿಗೂ ಮನಃಕ್ಲೇಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪ್ರಶ್ನೆ ಬಿತ್ತುವುದಿಲ್ಲ ಎಂದಾಯಿತು.

ಹನ್ನೆರಡು ಸಾವಿರದ ಲೆಕ್ಕ

ಸುಳುಹುಗಳಿವೆ ಎಂದು ಗೊತ್ತಾದ ಮೇಲೆ ಮುಂದಿನ ಹೆಜ್ಜೆ ಸಹಜವಾಗಿಯೇ ತೋರಿತು. ಸುಳುಹುಗಳನ್ನೆಲ್ಲ ಪಟ್ಟಿ ಮಾಡುವುದು. ಒಂದೊಂದಕ್ಕೂ ಅಂಕ ಕೊಡುವುದು. ಅಂಕ ಹೆಚ್ಚಾದವರನ್ನು ವಾರ್ಡಿನಲ್ಲಿ ಇರಿಸಿಕೊಳ್ಳುವುದು, ಕಡಿಮೆಯಾದವರನ್ನು ಮನೆಗೆ ಕಳುಹಿಸುವುದು. ಶಾಲೆಯ ಪರೀಕ್ಷೆಯಲ್ಲಿ ಪಾಸು ನಪಾಸು ಮಾಡುವಷ್ಟು ಸುಲಭ.

ಇದು ಸುಲಭವಲ್ಲವೆಂದು ೧೯೫೪ರಲ್ಲಿಯೇ ಒಬ್ಬರು ಎಚ್ಚರಿಸಿದ್ದರು. ಅವರ ಹೆಸರು ಆಲ್ಬರ್ಟ್ ರೋಸೆನ್. ಅವರ ಲೇಖನದಲ್ಲಿದ್ದದ್ದು ಮಾಧ್ಯಮಿಕ ಶಾಲೆಯ ಹುಡುಗನೂ ಮಾಡಬಲ್ಲ ಒಂದು ಲೆಕ್ಕ. ಮಾನಸಿಕ ಆಸ್ಪತ್ರೆಯ ೧೨,೦೦೦ ರೋಗಿಗಳನ್ನು ತೆಗೆದುಕೊಳ್ಳಿ. ಅವರಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವವರು ೪೦ ಮಂದಿ ಎನ್ನಿ. ನೂರಕ್ಕೆ ಎಪ್ಪತ್ತೈದು ಪಾಲು ಸರಿಯಾಗಿ ಹೇಳಬಲ್ಲ ಪರೀಕ್ಷೆಯೊಂದು ನಮ್ಮ ಕೈಯಲ್ಲಿದೆ ಎನ್ನಿ. ಅದು ೪೦ ಮಂದಿಯಲ್ಲಿ ೩೦ ಮಂದಿಯನ್ನು ಹಿಡಿದುಕೊಡುತ್ತದೆ. ೧೦ ಮಂದಿ ತಪ್ಪಿಸಿಕೊಳ್ಳುತ್ತಾರೆ. ಪರವಾಗಿಲ್ಲ ಎನ್ನಿಸಬಹುದು. ಆದರೆ ಉಳಿದ ೧೧,೯೬೦ ಮಂದಿಯಲ್ಲಿ ಕಾಲು ಪಾಲು, ಎಂದರೆ ೨,೯೯೦ ಮಂದಿಯನ್ನು ಕೂಡ ಅದು “ಅಪಾಯದಲ್ಲಿದ್ದಾರೆ” ಎಂದು ತಪ್ಪಾಗಿ ಬೊಟ್ಟು ಮಾಡುತ್ತದೆ. ಮೂವತ್ತು ಜನರನ್ನು ಕಾಯಲು ಮೂರು ಸಾವಿರ ಜನರನ್ನು ಕೂಡಿಹಾಕಬೇಕು. ಅಷ್ಟಾದರೂ ಹತ್ತು ಜನ ಕೈತಪ್ಪಿ ಹೋಗುತ್ತಾರೆ. ಅಪರೂಪದ ಘಟನೆಯನ್ನು ಮುಂಚಿತವಾಗಿ ಹೇಳಹೊರಟವರಿಗೆಲ್ಲ ಎದುರಾಗುವ ಕಷ್ಟವಿದು. ರಾಗಿಯ ರಾಶಿಯಲ್ಲಿ ಬಿದ್ದ ನಾಲ್ಕು ಸಾಸಿವೆ ಕಾಳನ್ನು ಜರಡಿ ಹಿಡಿದು ತೆಗೆಯಹೊರಟರೆ ಸಾಸಿವೆಯೊಡನೆ ಸೇರುಗಟ್ಟಲೆ ರಾಗಿಯೂ ಬರುತ್ತದೆ.

ರೋಸೆನ್ ಅವರ ಲೆಕ್ಕ ಕಾಗದದ ಮೇಲಿನದು. ಮೂವತ್ತು ವರ್ಷಗಳ ತರುವಾಯ ಅದನ್ನು ಜೀವಂತ ರೋಗಿಗಳ ನಡುವೆ ಪರೀಕ್ಷಿಸಿದವರು ಅಲೆಕ್ಸ್ ಪೊಕಾರ್ನಿ. ಹ್ಯೂಸ್ಟನ್ ನಗರದ ನಿವೃತ್ತ ಸೈನಿಕರ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಒಬ್ಬರ ಹಿಂದೊಬ್ಬರಂತೆ ಸೇರಿದ ೪,೮೦೦ ರೋಗಿಗಳನ್ನು ಅವರು ಆಗ ಗೊತ್ತಿದ್ದ ಮಾಪಕಗಳಲ್ಲಿ ಬಹುಪಾಲನ್ನು ಬಳಸಿ ಅಳೆದರು. ಅನಂತರ ನಾಲ್ಕರಿಂದ ಆರು ವರ್ಷ ಅವರ ಜಾಡನ್ನು ಬಿಡದೆ ಹಿಂಬಾಲಿಸಿದರು. ಆ ಅವಧಿಯಲ್ಲಿ ೬೭ ಮಂದಿ ಆತ್ಮಹತ್ಯೆಯಿಂದ ಸತ್ತರು. ಅಳತೆಗಳೆಲ್ಲವನ್ನೂ ಕೂಡಿಸಿ ಗಣಿತ ಹಾಕಿದಾಗ ಅವರ ಸೂತ್ರ ಆ ೬೭ರಲ್ಲಿ ೩೫ ಮಂದಿಯನ್ನು ಗುರುತಿಸಿತು. ಅದರ ಜೊತೆಗೆ, ಆತ್ಮಹತ್ಯೆ ಮಾಡಿಕೊಳ್ಳದ ೧,೨೦೬ ಮಂದಿಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿತು. ೧೯೮೩ರಲ್ಲಿ ಪ್ರಕಟವಾದ ವರದಿಯಲ್ಲಿ ಪೊಕಾರ್ನಿ ಮಾತನ್ನು ತೇಲಿಸಲಿಲ್ಲ. ಇಂಥ ವ್ಯಕ್ತಿಯೇ ಆತ್ಮಹತ್ಯೆ ಮಾಡಿಕೊಳ್ಳುವನೆಂದು ಬೊಟ್ಟು ಮಾಡಿ ಹೇಳುವುದು ಸದ್ಯದ ಸಾಧನಗಳಿಂದ ಆಗದ ಕೆಲಸವೆಂದು ಒಪ್ಪಿಕೊಂಡರು. ವರ್ಷಗಟ್ಟಲೆ ದುಡಿದು, ಕಡೆಗೆ “ಆಗುವುದಿಲ್ಲ” ಎಂದು ಬರೆಯುವುದಕ್ಕೆ ಪ್ರಾಮಾಣಿಕತೆ ಬೇಕು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ವರದಿಗಳಿಗೆ ಹಾರ ತುರಾಯಿ ಸಲ್ಲುವುದಿಲ್ಲ. ಆದರೆ ಮುಂದೆ ಬರುವವರು ಸುಳ್ಳು ದಾರಿ ಹಿಡಿಯದಂತೆ ಕಾಯುವುದು ಇವೇ.

ಬಣವೆ ಮತ್ತು ಕಿಡಿ

ಈ ನಡುವೆ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಇನ್ನೊಂದು ಎಳೆಯನ್ನು ಹಿಡಿದಿದ್ದರು. ಖಿನ್ನತೆಯ ರೋಗಿಗಳ ಮಾತನ್ನು ವರ್ಷಾನುವರ್ಷ ಆಲಿಸಿದ ಅವರಿಗೆ, ಸಾವಿನ ಕಡೆಗೆ ತಳ್ಳುವುದು ಬರಿಯ ದುಃಖವಲ್ಲ, ನಾಳೆಯೂ ಹೀಗೆಯೇ ಎಂಬ ಹತಾಶೆ ಎನ್ನಿಸಿತು. ೧೯೭೪ರಲ್ಲಿ ಅವರೂ ಅವರ ಸಂಗಡಿಗರೂ ಇಪ್ಪತ್ತು ವಾಕ್ಯಗಳ ಒಂದು ‘ಹತಾಶೆಯ ಮಾಪಕ’ವನ್ನು ರಚಿಸಿದರು. ಪ್ರತಿಯೊಂದು ವಾಕ್ಯಕ್ಕೂ ರೋಗಿ ಸರಿ ಅಥವಾ ತಪ್ಪು ಎಂದು ಗುರುತು ಹಾಕಬೇಕು. ಸಾಯುವ ಯೋಚನೆಯಿಂದ ಆಸ್ಪತ್ರೆ ಸೇರಿದ ೨೦೭ ರೋಗಿಗಳನ್ನು ಐದರಿಂದ ಹತ್ತು ವರ್ಷ ಗಮನಿಸಿ ೧೯೮೫ರಲ್ಲಿ ಅವರು ಫಲಿತಾಂಶ ಕೊಟ್ಟರು. ಹದಿನಾಲ್ಕು ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು. ಆಸ್ಪತ್ರೆ ಸೇರಿದ ದಿನ ಕಲೆಹಾಕಿದ ಮಾಹಿತಿಯಲ್ಲೆಲ್ಲ ಆ ಸಾವುಗಳನ್ನು ಮುಂಚೆ ಸೂಚಿಸಿದ್ದು ಹತಾಶೆಯ ಅಂಕ, ಮತ್ತು ಇನ್ನೊಂದು ಪ್ರಶ್ನಾವಳಿಯಲ್ಲಿ ಭವಿಷ್ಯದ ನಿರಾಶೆಯನ್ನು ಕುರಿತ ಒಂದೇ ಪ್ರಶ್ನೆ.

ಇದು ದೊಡ್ಡ ಮುನ್ನಡೆಯೇ ಸರಿ. ಆದರೆ ಇಲ್ಲಿ ಓದುಗರು ಒಂದು ಮಾತನ್ನು ಗಮನಿಸಬೇಕು. ಐದರಿಂದ ಹತ್ತು ವರ್ಷ! ರಾತ್ರಿ ಹತ್ತು ಗಂಟೆಗೆ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಕುಳಿತ ವೈದ್ಯನಿಗೆ ಬೇಕಾದದ್ದು ಹತ್ತು ವರ್ಷಗಳ ಮಾತಲ್ಲ. ಬೇಕಾದದ್ದು ಈ ರಾತ್ರಿಯ ಮಾತು, ಈ ವಾರದ ಮಾತು.

ಆ ವ್ಯತ್ಯಾಸವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದವರು ಷಿಕಾಗೋ ನಗರದ ಜ್ಯಾನ್ ಫಾಸೆಟ್. ಖಿನ್ನತೆಯೇ ಮೊದಲಾದ ಭಾವವಿಕಾರಗಳ ೯೫೪ ರೋಗಿಗಳನ್ನು ಹಲವು ವರ್ಷ ಅನುಸರಿಸಿದ ಒಂದು ಅಧ್ಯಯನದ ಮಾಹಿತಿಯನ್ನು ಅವರು ಹೊಸ ರೀತಿಯಲ್ಲಿ ವಿಂಗಡಿಸಿದರು. ಸತ್ತವರು ಯಾರು ಎಂದಷ್ಟೇ ಕೇಳದೆ, ಯಾವಾಗ ಸತ್ತರು ಎಂದು ಕೇಳಿದರು. ೧೯೯೦ರಲ್ಲಿ ಪ್ರಕಟವಾದ ಉತ್ತರ ಎಲ್ಲರನ್ನೂ ಬೆರಗುಗೊಳಿಸುವಂಥದು. ಆತ್ಮಹತ್ಯೆಗೆ ಸಂಬಂಧವಿದ್ದ ಲಕ್ಷಣಗಳು ಒಂಬತ್ತು. ಅವುಗಳಲ್ಲಿ ಮೂರು, ಎಂದರೆ ತೀವ್ರ ಹತಾಶೆ, ಸಾಯುವ ಯೋಚನೆ, ಹಿಂದೊಮ್ಮೆ ಪ್ರಯತ್ನಿಸಿದ ಚರಿತ್ರೆ, ಇವು ಒಂದು ವರ್ಷ ಕಳೆದ ಮೇಲೆ ಸಂಭವಿಸಿದ ಸಾವುಗಳೊಡನೆ ಹೊಂದಿಕೊಂಡವು. ವರ್ಷದೊಳಗೇ ಸಂಭವಿಸಿದ ಸಾವುಗಳ ಹಿಂದೆ ಇದ್ದವು ಬೇರೆಯೇ ಆರು: ಹಠಾತ್ತನೆ ಏರುವ ದಿಗಿಲು, ಅತಿಯಾದ ಕಳವಳ, ಏಕಾಗ್ರತೆಯ ನಾಶ, ಇಡೀ ರಾತ್ರಿ ನಿದ್ದೆಯಿಲ್ಲದಿರುವುದು, ಕುಡಿತ, ಯಾವುದರಲ್ಲಿಯೂ ಸುಖ ಕಾಣದಿರುವುದು.

ಇದನ್ನು ನಮ್ಮ ಹಳ್ಳಿಯ ಒಂದು ದೃಶ್ಯದಿಂದ ತಿಳಿದುಕೊಳ್ಳಬಹುದು. ಕಣದಲ್ಲಿ ಒಟ್ಟಿದ ಹುಲ್ಲಿನ ಬಣವೆ ವರ್ಷವೆಲ್ಲ ಬೆಂಕಿಗೆ ಈಡಾಗಬಲ್ಲದು. ಅದು ಒಣಗಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದು ಇಂದು ರಾತ್ರಿ ಹೊತ್ತಿಕೊಳ್ಳುವುದೇ ಎಂದು ತಿಳಿಯಬೇಕಾದರೆ ಹುಲ್ಲಿನ ಒಣಗನ್ನು ಅಳೆದು ಪ್ರಯೋಜನವಿಲ್ಲ. ಪಕ್ಕದಲ್ಲಿ ಕಿಡಿ ಇದೆಯೇ, ಗಾಳಿ ಎದ್ದಿದೆಯೇ ನೋಡಬೇಕು. ಹತಾಶೆ ಒಣಹುಲ್ಲು. ದಿಗಿಲು, ತಳಮಳ, ನಿದ್ದೆಗೇಡು ಇವು ಕಿಡಿ ಮತ್ತು ಗಾಳಿ. ಅವುಗಳಿಗೆ ಒಂದು ವಿಶೇಷವೂ ಉಂಟು: ಕಳೆದುಹೋದ ಬದುಕನ್ನು ವೈದ್ಯ ಬದಲಾಯಿಸಲಾರ, ಆದರೆ ನಿದ್ದೆಯನ್ನು ತರಿಸಬಲ್ಲ, ತಳಮಳವನ್ನು ಇಳಿಸಬಲ್ಲ. ಕಾಯಿಲೆಯ ಈ ಭಾಗ ಔಷಧಕ್ಕೂ ಆರೈಕೆಗೂ ಬಗ್ಗುತ್ತದೆ.

ಹಾಗೆಂದು, ಸಾಯುವ ಮಾತನ್ನಾಡುವವನನ್ನು ಅಲಕ್ಷಿಸಬಹುದೆಂದು ಯಾರೂ ತಿಳಿಯಬಾರದು. ಫಾಸೆಟ್ ಹೇಳಿದ್ದು ಅದಲ್ಲ. ಆಡಿದ ಮಾತು ಯಾವಾಗಲೂ ಎಚ್ಚರಿಕೆಯ ಗಂಟೆಯೇ. ಆಡದಿರುವುದು ಮಾತ್ರ ಅಭಯಪತ್ರವಲ್ಲ ಎಂಬುದು ಅವರ ಪಾಠದ ಸಾರ.

ಈ ಪಾಠಕ್ಕೆ ಕಠೋರವಾದ ದೃಢೀಕರಣ ೨೦೦೩ರಲ್ಲಿ ಬಂತು. ಕೇಟೀ ಬುಷ್, ಫಾಸೆಟ್ ಮತ್ತು ಡಗ್ಲಸ್ ಜೇಕಬ್ಸ್ ಅವರು ಆಸ್ಪತ್ರೆಯಲ್ಲಿದ್ದಾಗಲೇ ಅಥವಾ ಬಿಡುಗಡೆಯಾದ ಕೂಡಲೇ ಆತ್ಮಹತ್ಯೆಯಿಂದ ಸತ್ತ ೭೬ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. ಕಡೆಯ ಸಲ ಮಾತನಾಡಿಸಿದಾಗ ಇವರು ಏನೆಂದಿದ್ದರು? ದಾಖಲೆ ದೊರೆತವರಲ್ಲಿ ಶೇಕಡಾ ೭೮ ಮಂದಿ ಸಾಯುವ ಯೋಚನೆ “ಇಲ್ಲ” ಎಂದಿದ್ದರು. ಆದರೆ ಸಾವಿಗೆ ಮುಂಚಿನ ದಿನಗಳಲ್ಲಿ ಶೇಕಡಾ ೭೯ ಮಂದಿಯಲ್ಲಿ ತೀವ್ರವಾದ ಕಳವಳ ಅಥವಾ ತಳಮಳ ದಾದಿಯರ, ವೈದ್ಯರ ಬರಹಗಳಲ್ಲಿ ಕಾಣುತ್ತಿತ್ತು. ಬಾಯಿ ಇಲ್ಲವೆಂದಿತ್ತು, ಕೈಕಾಲು, ಕಣ್ಣು, ನಿದ್ದೆಯಿಲ್ಲದ ರಾತ್ರಿ ಇವು ಬೇರೆಯೇ ಮಾತನ್ನು ಹೇಳುತ್ತಿದ್ದವು.

ಏಕೆ ಇಲ್ಲವೆನ್ನುತ್ತಾರೆ? ಕೆಲವರು ತಡೆಯುತ್ತಾರೆಂಬ ಭಯದಿಂದ ಮುಚ್ಚಿಡುತ್ತಾರೆ; ಕೆಲವರು ನಾಚಿಕೆಯಿಂದ. ಇನ್ನು ಕೆಲವರ “ಇಲ್ಲ” ಆ ಗಳಿಗೆಗೆ ನಿಜವೇ ಆಗಿರುತ್ತದೆ. ದಿನಕ್ಕೆ ಹಲವು ಸಲ ರೋಗಿಗಳ ಮನಸ್ಥಿತಿಯನ್ನು ದಾಖಲಿಸಿದ ಅಧ್ಯಯನಗಳು, ಸಾಯುವ ಯೋಚನೆ ಕೆಲವೇ ಗಂಟೆಗಳಲ್ಲಿ ಏರಿ ಇಳಿಯುತ್ತದೆಂದು ತೋರಿಸಿವೆ. ಬೆಳಗ್ಗೆ ಇಲ್ಲವೆಂದವನು ಸುಳ್ಳುಗಾರನಲ್ಲ. ಸಂಜೆಯ ವಿಷಯ ಅವನಿಗೇ ಗೊತ್ತಿರಲಿಲ್ಲ.

೧೯೭೩ರ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಪದ್ಧತಿ ತಲೆಯೆತ್ತಿತ್ತು. ಪ್ರಾಣ ಕಳೆದುಕೊಳ್ಳುವುದಿಲ್ಲವೆಂದು ರೋಗಿಯಿಂದ ವೈದ್ಯ ಭಾಷೆ ತೆಗೆದುಕೊಳ್ಳುವುದು, ಕೆಲವೆಡೆ ಕಾಗದದ ಮೇಲೆ ರುಜು ಹಾಕಿಸಿಕೊಳ್ಳುವುದು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಕೊಟ್ಟ ಮಾತಿನ ಮೇಲೆ ಭರವಸೆ ಹೆಚ್ಚು. ಆದರೆ ಪುಣ್ಯಕೋಟಿಗೆ ಬುದ್ಧಿ ಸ್ವಸ್ಥವಾಗಿತ್ತು, ಕರು ಕಾಯುತ್ತಿತ್ತು. ತಳಮಳದ ಕಾವಿನಲ್ಲಿ ಬೇಯುತ್ತಿರುವವನಿಂದ ಪಡೆದ ಭಾಷೆ ವೈದ್ಯನ ಮನಸ್ಸಿಗೆ ನೆಮ್ಮದಿ ಕೊಟ್ಟೀತೇ ಹೊರತು ರೋಗಿಯನ್ನು ಕಾಯುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಹಾಗೆ ಭಾಷೆ ಕೊಟ್ಟವರೂ ಆ ೭೬ ಮಂದಿಯಲ್ಲಿದ್ದರು.

ವೈದ್ಯನ ಎದೆಬಡಿತ

ಬ್ರಿಟನ್ನಿನಲ್ಲಿ ಲೂಯಿ ಆಪಲ್‌ಬಿ ಅವರ ನೇತೃತ್ವದಲ್ಲಿ ರಾಷ್ಟ್ರವ್ಯಾಪಿಯಾದ ಗೋಪ್ಯ ವಿಚಾರಣೆಯೊಂದು ನಡೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಮನೋವೈದ್ಯ ಸೇವೆಯ ಸಂಪರ್ಕಕ್ಕೆ ಬಂದ ಒಂದು ವರ್ಷದೊಳಗೆ ಆತ್ಮಹತ್ಯೆಯಿಂದ ಸತ್ತವರ ವಿಷಯವನ್ನು ಅವರಿಗೆ ಚಿಕಿತ್ಸೆ ಕೊಟ್ಟವರಿಂದಲೇ ಕೇಳಿ ತಿಳಿದುಕೊಂಡರು. ೧೯೯೯ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಕಡೆಯ ಭೇಟಿಯಲ್ಲಿ ಶೇಕಡಾ ೮೫ ಮಂದಿಯ ತತ್‌ಕ್ಷಣದ ಅಪಾಯವನ್ನು ವೈದ್ಯ ತಂಡಗಳು “ಕಡಿಮೆ” ಅಥವಾ “ಇಲ್ಲ” ಎಂದು ಎಣಿಸಿದ್ದವು. ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವಾರಗಳು ಅತ್ಯಂತ ಗಂಡಾಂತರದ ಕಾಲ ಎಂಬುದೂ ಇಂಥ ವಿಚಾರಣೆಗಳಿಂದ ಖಚಿತವಾಯಿತು. ಮನೆಯವರು “ಗುಣವಾಗಿ ಬಂದ” ಎಂದು ಉಸಿರು ಬಿಡುವ ಕಾಲವೇ ಅದು!

ಹಾಗಾದರೆ ವೈದ್ಯ ಇನ್ನೇನನ್ನು ಗಮನಿಸಬೇಕು? ಈ ಶತಮಾನದಲ್ಲಿ ನಾನಾ ಕಡೆಗಳಲ್ಲಿ ಉತ್ತರ ಹುಡುಕಿದ್ದಾರೆ. ಹಾರ್ವರ್ಡಿನ ಮ್ಯಾಥ್ಯೂ ನಾಕ್ ಅವರು ರೋಗಿಯ ಮಾತನ್ನೇ ಬದಿಗಿಟ್ಟರು. ಮನೋರೋಗದ ತುರ್ತು ವಿಭಾಗಕ್ಕೆ ಬಂದ ೧೫೭ ಮಂದಿಯ ಮುಂದೆ ಕಂಪ್ಯೂಟರ್ ಇಟ್ಟು, ‘ನಾನು’ ಎಂಬರ್ಥದ ಪದಗಳನ್ನೂ ಸಾವು ಬದುಕಿನ ಪದಗಳನ್ನೂ ಬೇಗಬೇಗ ವಿಂಗಡಿಸಲು ಹೇಳಿದರು. ತನ್ನನ್ನು ಸಾವಿನೊಡನೆ ಬೇಗ ಜೋಡಿಸಿದವರು ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸುವ ಸಂಭವ ಸುಮಾರು ಆರು ಪಟ್ಟು ಹೆಚ್ಚಾಗಿತ್ತೆಂದು ೨೦೧೦ರಲ್ಲಿ ವರದಿ ಮಾಡಿದರು. ೨೦೧೧ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕೆಲ್ಲಿ ಪೋಸ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಮಾಪಕ ಪ್ರಶ್ನೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿತು: ಬದುಕು ಸಾಕೆನ್ನಿಸಿದೆಯೇ, ಯೋಚನೆ ಬಂದಿದೆಯೇ, ದಾರಿ ಯೋಚಿಸಿದ್ದುಂಟೇ, ನಿರ್ಧರಿಸಿದ್ದುಂಟೇ ಎಂದು ಒಂದೊಂದಾಗಿ ಕೇಳುವುದು. ಎಲ್ಲ ವೈದ್ಯರೂ ದಾದಿಯರೂ ಒಂದೇ ಭಾಷೆಯಲ್ಲಿ ಕೇಳಿ ಒಂದೇ ಭಾಷೆಯಲ್ಲಿ ಬರೆದಿಡುವಂತಾದದ್ದು ಇದರ ಲಾಭ.

ನ್ಯೂಯಾರ್ಕಿನ ಈಗೊರ್ ಗಾಲಿಂಕರ್ ಮತ್ತು ಅವರ ಸಂಗಡಿಗರು ಫಾಸೆಟ್ ಹಾಕಿದ ಜಾಡಿನಲ್ಲಿ ಇನ್ನೂ ಮುಂದೆ ಹೋದರು. ಸಾವಿನ ಹೊಸ್ತಿಲಲ್ಲಿರುವ ಮನಸ್ಸಿಗೆ ತನ್ನದೇ ಆದ ಒಂದು ರೋಗಚಿತ್ರವಿದೆ ಎಂಬುದು ಅವರ ವಾದ. ಬಾಗಿಲುಗಳೆಲ್ಲ ಮುಚ್ಚಿದವು, ಸಿಕ್ಕಿಬಿದ್ದೆ ಎಂಬ ಭಾವ ಅದರ ನಡುಗಂಬ. ಅದರ ಸುತ್ತ ತಡೆಯಲಾಗದ ಮನೋವೇದನೆ, ಹಿಡಿತ ತಪ್ಪಿ ಸುತ್ತುವ ಯೋಚನೆಗಳು, ನಿದ್ದೆಗೇಡು ಮತ್ತು ಚಡಪಡಿಕೆ, ಜನರಿಂದ ದೂರ ಸರಿಯುವುದು. ಸಾಯುವ ಯೋಚನೆ ಇದೆ ಎಂದು ರೋಗಿ ಒಪ್ಪಿಕೊಳ್ಳಲೇಬೇಕೆಂಬ ಕಟ್ಟಳೆ ಇದರಲ್ಲಿಲ್ಲ. ೨೦೧೭ರಲ್ಲಿ ಅವರ ತಂಡ ಮುಂದಿಟ್ಟ ಪರೀಕ್ಷೆಯಲ್ಲಿ ಇನ್ನೊಂದು ಹೊಸತನವಿತ್ತು. ಅರ್ಧ ರೋಗಿ ತುಂಬುವುದು, ಅರ್ಧ ವೈದ್ಯ ತುಂಬುವುದು. ವೈದ್ಯ ಬರೆಯಬೇಕಾದದ್ದು ರೋಗಿಯ ವಿಷಯವನ್ನಷ್ಟೇ ಅಲ್ಲ, ಆ ರೋಗಿಯ ಎದುರು ಕುಳಿತಾಗ ತನ್ನ ಮನಸ್ಸಿನಲ್ಲಿ ಏನಾಯಿತೆಂಬುದನ್ನೂ. ಅತಿಯಾದ ಸಂಕಟ, ಅಲ್ಲಿಂದ ಎದ್ದುಹೋಗಬೇಕೆಂಬ ಆತುರ, ಅದರ ಜೊತೆಗೇ ಈತ ಸರಿಹೋಗುತ್ತಾನೆಂಬ ಅವಸರದ ಭರವಸೆ, ಇಂಥ ತಾಕಲಾಟವೂ ಒಂದು ಸುಳುಹು ಎಂದರು ಅವರು. ಅನುಭವಿಗಳಾದ ವೈದ್ಯರು “ಏಕೋ ಮನಸ್ಸು ಒಪ್ಪಲಿಲ್ಲ, ಉಳಿಸಿಕೊಂಡೆ” ಎನ್ನುವುದುಂಟು. ಆ “ಏಕೋ” ಎಂಬುದನ್ನು ಅಳತೆಗೆ ತರುವ ಪ್ರಯತ್ನವಿದು.

ಇಷ್ಟೆಲ್ಲ ಆದರೂ ರೋಸೆನ್ ಅವರ ಲೆಕ್ಕ ಸುಳ್ಳಾಗಲಿಲ್ಲ. ಅದೇ ೨೦೧೭ರಲ್ಲಿ ಜೋಸೆಫ್ ಫ್ರ್ಯಾಂಕ್ಲಿನ್ ಮತ್ತು ಸಂಗಡಿಗರು ಐವತ್ತು ವರ್ಷಗಳ ೩೬೫ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪರಿಚಿತ ಅಪಾಯದ ಅಂಶಗಳ ಭವಿಷ್ಯವಾಣಿ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪವೇ ಮೇಲು ಎಂದು ತಿಳಿಯಿತು. ಬ್ರಿಟನ್ನಿನ ರಾಷ್ಟ್ರೀಯ ವೈದ್ಯ ಮಾರ್ಗದರ್ಶಿ ೨೦೨೨ರಲ್ಲಿ ಇನ್ನೂ ಖಂಡಿತವಾಗಿ ಹೇಳಿತು: ಮಾಪಕಗಳನ್ನು ಭವಿಷ್ಯ ನುಡಿಯಲು ಬಳಸಬೇಡಿ, ಅಂಕ ನೋಡಿ ಇವರಿಗೆ ಚಿಕಿತ್ಸೆ, ಅವರಿಗಿಲ್ಲ ಎಂದು ತೀರ್ಮಾನಿಸಬೇಡಿ. ಹಾಗಾದರೆ ಮಾಪಕಗಳೆಲ್ಲ ವ್ಯರ್ಥವೇ? ಅಲ್ಲ. ಅವು ಜಾತಕಗಳಲ್ಲ, ಮಾತು ತೆಗೆಯುವ ಸಲಕರಣೆಗಳು. ಕೇಳಲು ಮರೆಯಬಹುದಾದದ್ದನ್ನು ನೆನಪಿಸುತ್ತವೆ. ನಿದ್ದೆ ಹೇಗಿದೆ, ಒಳಗೆ ಬೆಂಕಿ ಬಿದ್ದಂತೆ ಆಗುತ್ತದೆಯೇ, ದಾರಿಯೇ ಇಲ್ಲ ಎನ್ನಿಸುತ್ತದೆಯೇ ಎಂದು ಕೇಳಲು ವೈದ್ಯನಿಗೆ ಕಲಿಸುತ್ತವೆ.

ಕಾಗದ ಬರೆದ ವೈದ್ಯರು

ಯಾರೆಂದು ನಿಶ್ಚಯವಾಗಿ ಹೇಳಲಾಗದಿದ್ದರೆ ಎಲ್ಲರ ಕೈಯನ್ನೂ ಸ್ವಲ್ಪ ಹೊತ್ತು ಹಿಡಿದುಕೊಳ್ಳಬಾರದೇಕೆ? ಈ ಯೋಚನೆ ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜ್ಯೆರೋಮ್ ಮೋಟೋ ಅವರಿಗೆ ಬಹಳ ಹಿಂದೆಯೇ ಬಂದಿತ್ತು. ಖಿನ್ನತೆಯಿಂದಲೋ ಸಾಯುವ ಯೋಚನೆಯಿಂದಲೋ ಆಸ್ಪತ್ರೆ ಸೇರಿದ್ದ ೩,೦೦೫ ಮಂದಿಯನ್ನು ಅವರ ತಂಡ ಬಿಡುಗಡೆಯ ಒಂದು ತಿಂಗಳ ಮೇಲೆ ವಿಚಾರಿಸಿತು. ೮೪೩ ಮಂದಿ ಮುಂದಿನ ಚಿಕಿತ್ಸೆಯನ್ನು ಬೇಡವೆಂದಿದ್ದರು ಅಥವಾ ನಡುವೆ ಬಿಟ್ಟಿದ್ದರು. ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ವರ್ಷಕ್ಕೆ ನಾಲ್ಕು ಸಲವಾದರೂ, ಐದು ವರ್ಷ, ಚಿಕ್ಕ ಚಿಕ್ಕ ಕಾಗದಗಳನ್ನು ಬರೆದರು. ಅವುಗಳಲ್ಲಿ ಉಪದೇಶವಿರಲಿಲ್ಲ, ಬೇಡಿಕೆಯಿರಲಿಲ್ಲ. ನಿಮ್ಮ ನೆನಪಿದೆ, ಚೆನ್ನಾಗಿದ್ದೀರೆಂದು ನಂಬುತ್ತೇವೆ, ಬರೆಯಬೇಕೆನ್ನಿಸಿದರೆ ಬರೆಯಿರಿ ಎಂಬಷ್ಟೇ ಭಾವ. ೨೦೦೧ರಲ್ಲಿ ಕೊಟ್ಟ ಅಂತಿಮ ವರದಿಯ ಪ್ರಕಾರ ಕಾಗದ ಪಡೆದವರಲ್ಲಿ ಮೊದಲ ಎರಡು ವರ್ಷ ಆತ್ಮಹತ್ಯೆಯ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಒಂದು ಅಂಚೆಚೀಟಿಯ ಬೆಲೆಗೆ ಇದಕ್ಕಿಂತ ಹೆಚ್ಚಿನದನ್ನು ಯಾವ ಔಷಧ ಕೊಟ್ಟೀತು?

ಈ ದಾರಿಯಲ್ಲಿ ನಮ್ಮ ನೆರೆಯ ಚೆನ್ನೈ ನಗರಕ್ಕೂ ಪಾಲಿದೆ. ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಶ್ರೀಲಂಕಾ, ಇರಾನ್, ಚೀನಾ ದೇಶಗಳ ಒಂದೊಂದು ಊರಿನಲ್ಲಿ ಮತ್ತು ಚೆನ್ನೈಯಲ್ಲಿ ಒಂದು ಪ್ರಯೋಗ ನಡೆಸಿತು. ಚೆನ್ನೈಯಲ್ಲಿ ಅದನ್ನು ನಡೆಸಿದವರಲ್ಲಿ, ೧೯೮೬ರಲ್ಲಿ ‘ಸ್ನೇಹಾ’ ಸಂಸ್ಥೆಯನ್ನು ಕಟ್ಟಿದ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ ಒಬ್ಬರು. ಆತ್ಮಹತ್ಯೆಗೆ ಪ್ರಯತ್ನಿಸಿ ತುರ್ತು ವಿಭಾಗಕ್ಕೆ ಬಂದ ೧,೮೬೭ ಮಂದಿಯಲ್ಲಿ ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲೋ ಮನೆಗೆ ಹೋಗಿಯೋ ಯೋಗಕ್ಷೇಮ ವಿಚಾರಣೆ. ೨೦೦೮ರಲ್ಲಿ ಬಂದ ಫಲಿತಾಂಶದಂತೆ, ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇಕಡಾ ೨.೨; ವಿಚಾರಿಸಿಕೊಂಡವರಲ್ಲಿ ಶೇಕಡಾ ೦.೨.

ರೋಗಿಯಿಂದ ಭಾಷೆ ತೆಗೆದುಕೊಳ್ಳುತ್ತಿದ್ದ ಪದ್ಧತಿಯ ಜಾಗಕ್ಕೂ ಇನ್ನೊಂದು ಬಂತು. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷಾ ಯೋಜನೆಯಲ್ಲಿ ವೈದ್ಯನೂ ರೋಗಿಯೂ ಜೊತೆಯಾಗಿ ಕುಳಿತು ಒಂದು ಹಾಳೆಯ ಮೇಲೆ ಬರೆಯುತ್ತಾರೆ: ಕೆಟ್ಟ ಗಳಿಗೆ ಬರುತ್ತಿದೆಯೆಂದು ನನಗೆ ಹೇಗೆ ತಿಳಿಯುತ್ತದೆ, ಆಗ ನಾನೇನು ಮಾಡುತ್ತೇನೆ, ಯಾರ ಬಳಿ ಹೋಗುತ್ತೇನೆ, ಯಾರಿಗೆ ಫೋನ್ ಮಾಡುತ್ತೇನೆ, ಅಪಾಯದ ವಸ್ತುಗಳನ್ನು ಮನೆಯಿಂದ ಹೇಗೆ ದೂರವಿಡುತ್ತೇನೆ. ಅನಂತರ ಫೋನಿನ ವಿಚಾರಣೆ. ೨೦೧೮ರಲ್ಲಿ ೧,೬೪೦ ರೋಗಿಗಳ ಅಧ್ಯಯನ, ಇದನ್ನು ಪಡೆದವರಲ್ಲಿ ಮುಂದಿನ ಆರು ತಿಂಗಳು ಆತ್ಮಹತ್ಯೆಯ ವರ್ತನೆ ಶೇಕಡಾ ೪೫ರಷ್ಟು ಕಡಿಮೆಯಿತ್ತೆಂದು ತೋರಿಸಿತು. “ಮಾಡಿಕೊಳ್ಳುವುದಿಲ್ಲ” ಎಂಬ ಭಾಷೆಗಿಂತ “ಹೀಗೆ ಮಾಡುತ್ತೇನೆ” ಎಂಬ ಯೋಜನೆ ಹೆಚ್ಚು ಕೈಹಿಡಿಯಿತು.

ನಮ್ಮಲ್ಲಿ

ನಮ್ಮ ದೇಶದಲ್ಲಿ “ಇಲ್ಲ” ಎಂಬ ಉತ್ತರಕ್ಕೆ ಬಹುಕಾಲ ಇನ್ನೊಂದು ಕಾರಣವಿತ್ತು. ೧೮೬೦ರ ಭಾರತೀಯ ದಂಡಸಂಹಿತೆಯ ೩೦೯ನೆಯ ಕಲಮಿನ ಪ್ರಕಾರ ಆತ್ಮಹತ್ಯೆಯ ಪ್ರಯತ್ನ ಅಪರಾಧ. ಒಂದು ವರ್ಷದವರೆಗೆ ಸಜೆ ಅಥವಾ ಜುಲ್ಮಾನೆ ಅಥವಾ ಎರಡೂ. ಆ ಕಾನೂನನ್ನು ತಂದವರ ನಾಡಾದ ಇಂಗ್ಲೆಂಡ್ ೧೯೬೧ರಲ್ಲಿಯೇ ಆತ್ಮಹತ್ಯೆಯನ್ನು ಅಪರಾಧಗಳ ಪಟ್ಟಿಯಿಂದ ತೆಗೆದುಹಾಕಿತು. ನಮ್ಮಲ್ಲಿ ಅದು ಉಳಿಯಿತು. ೧೯೯೪ರಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ಅಸಿಂಧು ಎಂದಿತು. ೧೯೯೬ರಲ್ಲಿ ಇನ್ನೂ ದೊಡ್ಡ ಪೀಠವೊಂದು ಆ ತೀರ್ಪನ್ನು ತಳ್ಳಿಹಾಕಿತು. ವೈದ್ಯನ ಪ್ರಶ್ನೆಗೆ “ಹೌದು” ಎಂದರೆ ಅದು ತಪ್ಪೊಪ್ಪಿಗೆಯಾದೀತೆಂದು ರೋಗಿಯೂ ಮನೆಯವರೂ ಅಂಜುತ್ತಿದ್ದರೆ ಆಶ್ಚರ್ಯವೇನು? ಬೇಕೆಂದು ಮಾಡಿಕೊಂಡದ್ದೂ ‘ಆಕಸ್ಮಿಕ’ವಾಗಿ ಆಸ್ಪತ್ರೆಯ ಪುಸ್ತಕ ಸೇರುವುದು ಸುಲಭವಾಗಿತ್ತು.

೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ಗಂಟನ್ನು ಬಿಡಿಸಿತು. ೨೦೧೮ರ ಮೇ ೨೯ರಂದು ಜಾರಿಗೆ ಬಂದ ಈ ಕಾಯಿದೆಯ ೧೧೫ನೆಯ ಕಲಮಿನಂತೆ, ಪ್ರಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಕೂಡದು. ಅವನಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ೨೦೨೪ರ ಜುಲೈ ೧ರಿಂದ ಹಳೆಯ ದಂಡಸಂಹಿತೆಯ ಜಾಗಕ್ಕೆ ಬಂದ ನ್ಯಾಯಸಂಹಿತೆಯಲ್ಲಿ ಆ ೩೦೯ನೆಯ ಕಲಮು ಇಲ್ಲ; ಸರ್ಕಾರಿ ಅಧಿಕಾರಿಯನ್ನು ಕರ್ತವ್ಯದಿಂದ ತಡೆಯಲು ಮಾಡುವ ಪ್ರಯತ್ನ ಮಾತ್ರ ಬೇರೊಂದು ಕಲಮಿನಲ್ಲಿ ಉಳಿದಿದೆ. ೨೦೨೨ರ ಅಕ್ಟೋಬರ್ ೧೦ರಂದು ‘ಟೆಲಿ ಮಾನಸ್’ ಎಂಬ ರಾಷ್ಟ್ರೀಯ ದೂರವಾಣಿ ಸೇವೆಯೂ ಆರಂಭವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲೂ ರಾತ್ರಿಯೂ ೧೪೪೧೬ ಎಂಬ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಾನೂನಿನ ಭಯ ಹೋದರೂ ನಾಚಿಕೆಯ ಭಯ ಹೋಗುವುದು ನಿಧಾನ. ಆದ್ದರಿಂದಲೇ ವೈದ್ಯರು ಎಪ್ಪತ್ತು ವರ್ಷಗಳಲ್ಲಿ ಕಲಿತದ್ದು ನಮ್ಮ ಮನೆಗಳಿಗೂ ಸಲ್ಲತಕ್ಕದ್ದು. ನೇರವಾಗಿ, ಗದರಿಸದೆ, ಹೆದರದೆ ಕೇಳಬಹುದು. “ಹೌದು” ಎಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. “ಇಲ್ಲ” ಎಂದರೂ, ನಾಲ್ಕು ರಾತ್ರಿಗಳಿಂದ ನಿದ್ದೆಯಿಲ್ಲದೆ ನಡುಮನೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರೆ, ಊಟ ಮಾತು ಬಿಟ್ಟು ಮೂಲೆ ಸೇರಿದ್ದರೆ, ಇನ್ನು ದಾರಿಯೇ ಇಲ್ಲವೆನ್ನುತ್ತಿದ್ದರೆ, ಆ “ಇಲ್ಲ” ಎಂಬುದನ್ನು ನಂಬಿ ದೀಪ ಆರಿಸಿ ಮಲಗಬಾರದು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಿಯಂತೂ ಗುಣವಾಯಿತೆಂದು ಕೈಬಿಡದೆ, ಕೊಟ್ಟ ದಿನಕ್ಕೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ದೂರದ ಊರಿನಲ್ಲಿರುವವರು ಕಾಗದವನ್ನಾದರೂ ಬರೆಯಬಹುದು, ಫೋನಿನಲ್ಲಿ ಎರಡು ಮಾತನ್ನಾದರೂ ಆಡಬಹುದು. ಮೋಟೋ ಅವರ ಕಾಗದಗಳಲ್ಲಿ ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.